ವಿನ್ಸಮ್ ಡಾಕ್ಟರಿಗೆ ಮೈಸೂರು ಪೇಟ

ಹೆಸರು ಕಿವಿಗೆ ಬಿದ್ದದ್ದೇ ತಡ, ಡಾಕ್ಟರ್ ರಘುನಾಥರ ಮುಖ ಅರಳಿತು.

"ಆರ್ಚಿಬಾಲ್ಡ್! ಸ್ಕಾಟ್ಲೆಂಡ್ ಕಡೆಯ ಹೆಸರು ಕಣ್ರೀ ಇದು. ಹಳೇ ಮನೆತನ ಇರ್ಬೇಕು. ಈ ಸಲ ನಮ್ಮ ಸ್ಟೇಜಿಗೆ ಒಂದು ಕಳೆ ಬಂತು ಬಿಡಿ."

ಕನ್ನಡ ಕೂಟದ ಸಮಿತಿ ಸೇರಿದ್ದು ಅಧ್ಯಕ್ಷರಾದ ಅವರದೇ ಮನೆಯ ಬೇಸ್‌ಮೆಂಟಿನಲ್ಲಿ. ಪ್ರತಿ ನವೆಂಬರಿನಲ್ಲಿ ಟೊರಾಂಟೊ ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್ನಿನ ಕಮ್ಯೂನಿಟಿ ಹಾಲಿನಲ್ಲಿ ರಾಜ್ಯೋತ್ಸವ, ಪ್ರತಿ ರಾಜ್ಯೋತ್ಸವಕ್ಕೂ ಒಬ್ಬ ದೊಡ್ಡ ಮನುಷ್ಯರಿಗೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಈ ಸಲ ವೈದ್ಯರಿಗೆ ಅಂತ ನಿಶ್ಚಯವಾಗಿತ್ತು. ಹೆಸರು ಕೊಟ್ಟವಳು ಚಿತ್ರಾ, ಕೂಟದ ನಿರೂಪಕಿ.

ರಘುನಾಥರು ಅಲ್ಲೇ ಫೋನಿನಲ್ಲಿ ಹುಡುಕಿದರು. ಆರ್ಚಿಬಾಲ್ಡರ ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಫೋಟೋ ಇರಲಿಲ್ಲ, ಪರಿಚಯ ಇರಲಿಲ್ಲ. ಯಾವುದೋ ಕಮಿಟಿಯ ವರದಿಯ ಬಾಲದಲ್ಲಿ ಸಣ್ಣ ಅಕ್ಷರದಲ್ಲಿ 'ಡಾ. ಡಬ್ಲ್ಯು. ಆರ್ಚಿಬಾಲ್ಡ್ ಅವರಿಗೂ ಧನ್ಯವಾದ' ಅಂತ ಒಂದೇ ಸಾಲು.

"ನೋಡಿದ್ರಾ? ದೊಡ್ಡೋರು ಹೀಗೇನೇ. ಪಬ್ಲಿಸಿಟಿಯಿಂದ ದೂರ ಇರ್ತಾರೆ."

ಹುಬ್ಬಳ್ಳಿಯ ಈರೇಶ ಕೂಟದ ಕಾರ್ಯದರ್ಶಿ. ವಾರವೆಲ್ಲ ಟ್ರಕ್ಕು ಓಡಿಸಿ ವಾರದ ಕೊನೆಗೆ ಕೂಟದ ಅಡುಗೆ ಮಾಡಿಸುವವನು. ಅವನಿಗೆ ಅವನದೇ ಚಿಂತೆ. "ಅಲ್ರೀ ಚಿತ್ರಾ ಅಕ್ಕಾರ, ಆ ಸಾಹೇಬ್ರು ನಮ್ಮ ಹೋಳಿಗಿ ತಿಂತಾರೇನು? ಇಲ್ಲಾ ಬಿಳೇ ಮಂದಿಗೆ ಬ್ಯಾರೆ ಸ್ಯಾಂಡ್‌ವಿಚ್ಚು ತರಸ್ಲೇನು?"

"ಹೋಳಿಗೆ ಆಗುತ್ತೆ," ಎಂದಳು ಚಿತ್ರಾ.

ಅಷ್ಟೇ ಹೇಳಿದಳು. ಹೇಳಬೇಕಾದ ಉಳಿದದ್ದೆಲ್ಲ ನಾಲಿಗೆಯ ತುದಿಯ ತನಕ ಬಂದು, ಒಳ್ಳೆಯ ಹುಡುಗಿಯ ಹಾಗೆ ತಿರುಗಿ ಹೋಯಿತು. ಚಿತ್ರಾಳ ನಾಲಿಗೆಗೆ ಆ ಅಭ್ಯಾಸ ಚಿಕ್ಕಂದಿನದು.

ಅವಳ ಕನ್ನಡವನ್ನು ಕೂಟದವರು ಹೊಗಳದ ದಿನವಿಲ್ಲ. "ನಿಮ್ಮ ಮಾತು ಕೇಳಿದ್ರೆ ಹಳೇ ರೇಡಿಯೋ ಕೇಳ್ದಂಗೆ ಆಗುತ್ತಮ್ಮ, ಎಷ್ಟು ಶುದ್ಧ!" ಅನ್ನುತ್ತಿದ್ದರು ಹಿರಿಯರಾದ ಶಾರದಮ್ಮ. ಆ ಶುದ್ಧವನ್ನು ಅವಳ ಬೆರಳಗೆಣ್ಣಿನ ಮೇಲೆ ರೂಲುದೊಣ್ಣೆಯಿಂದ ಬರೆದವನು ಆಶ್ರಮಶಾಲೆಯ ವಾರ್ಡನ್ನು. ಬೆಟ್ಟದ ಮಾತು ಬಾಯಿಂದ ಜಾರಿದಾಗಲೆಲ್ಲ ಒಂದೇಟು. ಮೈಸೂರಿನಲ್ಲಿ ಯಾವ ಏರಿಯಾ ಅಂತ ಯಾರಾದರೂ ಕೇಳಿದರೆ ಅವಳು ಸರಸ್ವತಿಪುರಂ ಅನ್ನುತ್ತಿದ್ದಳು. ಸುಳ್ಳಲ್ಲ, ಅವಳ ಕಾಲೇಜು ಹಾಸ್ಟೆಲ್ಲು ಅಲ್ಲೇ ಇತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡೆಂಬ ಹಾಡಿಯಲ್ಲಿ, ಜೇನು ಕೀಳುವವರ ಮನೆಯಲ್ಲಿ ಹುಟ್ಟಿದ ಸಂಗತಿ ಕೆನಡಾಕ್ಕೆ ಬರುವಾಗ ಸೂಟ್‌ಕೇಸಿನಲ್ಲಿ ಜಾಗ ಸಿಗದೆ ಉಳಿದುಬಿಟ್ಟಿತ್ತು. ಗಂಡ ಮಧುಸೂದನನದೂ ಅದೇ ಬೆಟ್ಟದ ಇನ್ನೊಂದು ಪಕ್ಕ, ಅದೇ ಮೌನ.

ಅಂದು ನಾರ್ತ್ ಯಾರ್ಕಿನ ಅಪಾರ್ಟ್‌ಮೆಂಟಿಗೆ ಬಂದಾಗ ಮಗಳು ಸಂಜನಾ ಮಂಡಿಗೆ ಬಿಸಿನೀರಿನ ಚೀಲ ಒತ್ತಿಕೊಂಡು ಸೋಫಾದ ಮೇಲಿದ್ದಳು.

"ಹೇಳಿದ್ಯಾ ಅಮ್ಮ? ಡಾಕ್ಟರ್ ಆರ್ಚಿಬಾಲ್ಡ್, ಶೀ ಈಸ್ ಬ್ಲ್ಯಾಕ್ ಅಂತ?"

"ಅವ್ರು ಕೇಳ್ನಿಲ್ಲ ಕನವ್ವ." ಮನೆಯೊಳಗೆ ಬಂದರೆ ಅವಳ ಮಾತು ಬೆಟ್ಟ ಹತ್ತುತ್ತಿತ್ತು.

"ಓಕೆ. ಡ್ಯಾನ್ಸ್ ಮೇಡಂಗೆ ಸಾಕ್ಸ್ ವಿಷ್ಯ? ದಟ್ ಆಲ್ಸೋ ಅವ್ರು ಕೇಳ್ಲಿಲ್ಲ, ರೈಟ್?"

ಚಿತ್ರಾ ಕೋಟು ಕಳಚಿ ಗೂಟಕ್ಕೆ ಹಾಕಿದಳು. ರಾಜ್ಯೋತ್ಸವಕ್ಕೆ ಸಂಜನಾಳ ಕುಣಿತವಿತ್ತು, ಆ ಹಾಲಿನ ನೆಲ ನವೆಂಬರಿನಲ್ಲಿ ಹಿಮದ ಹಲಗೆ. ನೃತ್ಯದ ಮೀರಾ ಮೇಡಂ ಬರಿಗಾಲು ಅಂದರೆ ಬರಿಗಾಲೇ ಅನ್ನುವ ಹೆಂಗಸು. ಉಣ್ಣೆಯ ಕಾಲುಚೀಲ ಹಾಕಬೇಕೆಂದರೆ ಯಾಕೆ ಅಂತ ಹೇಳಬೇಕು. ಯಾಕೆ ಅಂತ ಹೇಳಿದರೆ ಎಲ್ಲಿಯವರು ಅಂತ ಹೇಳಬೇಕು.

ಸಂಜನಾಳ ರಕ್ತದಲ್ಲಿತ್ತು ಆ 'ಯಾಕೆ'. ಸಿಕಲ್ ಸೆಲ್. ಬೆಟ್ಟದ ಬುಡಕಟ್ಟುಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಕಾಯಿಲೆ. ದುಂಡಗಿರಬೇಕಾದ ರಕ್ತಕಣ ಚಳಿಗೆ, ದಣಿವಿಗೆ ಕುಡುಗೋಲಿನಂತೆ ಬಾಗಿ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಬರುವ ನೋವಿಗೆ ಮೂಳೆಯನ್ನು ಒರಳಿಗೆ ಹಾಕಿ ಕುಟ್ಟಿದಂತಾಗುತ್ತದೆ. ಚಿತ್ರಾಳ ತಮ್ಮ ಪೋಡಿನಲ್ಲಿ ಹಾಗೆಯೇ ಕೂಗಿ ಕೂಗಿ ತೀರಿಕೊಂಡಿದ್ದ. ಹೆಸರಿಲ್ಲದ ಕಾಯಿಲೆಯಿಂದ ಹೋದ ಅಂದುಕೊಂಡು ಮಣ್ಣು ಮಾಡಿದ್ದರು. ಹೆಸರು ಇತ್ತು, ಬೆಟ್ಟದ ತನಕ ಯಾರೂ ಹೊತ್ತು ತಂದಿರಲಿಲ್ಲ, ಅಷ್ಟೇ.

ಮೂರು ವರ್ಷದ ಹಿಂದೆ ಸಂಜನಾಳ ಕಾಲು ನೋಯತೊಡಗಿದಾಗ ಚಿತ್ರಾ ಮೊದಲು ಕರೆದುಕೊಂಡು ಹೋದದ್ದು ರಘುನಾಥರ ಕ್ಲಿನಿಕ್ಕಿಗೇ. ಎಲ್ಲೋ ಓದಿದ್ದನ್ನು ನೆನಪಿಸಿಕೊಂಡು ಅಂಜುತ್ತಲೇ ಕೇಳಿದ್ದಳು, ಸಿಕಲ್ ಸೆಲ್ ಇರಬಹುದಾ ಅಂತ.

ರಘುನಾಥರು ನಕ್ಕಿದ್ದರು. "ಅದು ಕರಿಯರ ಕಾಯಿಲೆ ಕಣಮ್ಮ. ನಮ್ಮವರಿಗೆಲ್ಲಿ ಬರುತ್ತೆ? ಇದು ಗ್ರೋಯಿಂಗ್ ಪೇನ್. ಮಗು ಉದ್ದ ಆಗ್ತಿದಾಳೆ, ಸಂತೋಷ ಪಡಿ."

ನಮ್ಮವರು. ಆ ಒಂದು ಮಾತಿನೊಳಗೆ ತನ್ನನ್ನೂ ಸೇರಿಸಿಕೊಂಡರಲ್ಲ ಅಂತ ಚಿತ್ರಾಳಿಗೆ ಆ ಗಳಿಗೆ ಹಿತವಾಗಿಯೇ ಇತ್ತು. ಆ ಹಿತಕ್ಕೆ ಮಗಳು ತಿಂಗಳುಗಟ್ಟಲೆ ನರಳಿದಳು.

ಕೊನೆಗೆ ಒಂದು ಮಧ್ಯಾಹ್ನ ಉಸಿರೂ ಎಳೆಯಲಾರದೆ ಕಿರುಚುತ್ತಿದ್ದ ಹುಡುಗಿಯನ್ನು ಆಸ್ಪತ್ರೆಯ ಎಮರ್ಜೆನ್ಸಿಗೆ ಹೊತ್ತು ತಂದರು. ಅಲ್ಲಿಯ ಯುವ ಡಾಕ್ಟರು ಇಣುಕಿ ನೋಡಿ, ಶಾಲೆಯ ಪರೀಕ್ಷೆಯ ಭಯಕ್ಕೆ ಮಕ್ಕಳು ಹೀಗೆ ಮಾಡುವುದುಂಟು ಅಂತ ಹೇಳಿ ಹೋದ. ಎದುರಿನ ಬೆಂಚಿನ ಮೇಲೆ ಒಬ್ಬ ಕಪ್ಪು ಮುದುಕಿ ಕೂತಿದ್ದರು. ಪಕ್ಕದಲ್ಲಿ ನೋವಿಗೆ ಮುದುರಿಕೊಂಡ ನೈಜೀರಿಯಾದ ತರುಣ. ಮುದುಕಿ ತಗಡಿನ ಡಬ್ಬಿಯಿಂದ ಸಕ್ಕರೆ ಹೊರಳಿಸಿದ ಹುಣಸೆ ಉಂಡೆ ತೆಗೆದು ಬಾಯಿಗೆ ಹಾಕಿಕೊಂಡು, ಸಂಜನಾಳ ಕಣ್ಣಿನ ಹಳದಿಯನ್ನು ದೂರದಿಂದಲೇ ನೋಡುತ್ತಿದ್ದರು. ಆಮೇಲೆ ಎದ್ದು ಬಂದು ಇಂಗ್ಲಿಷಿನಲ್ಲಿ ಕೇಳಿದರು.

"ಎಲ್ಲಿಯವರಮ್ಮ ನೀವು?"

"ಇಂಡಿಯಾ. ಮೈಸೂರು."

"ಪಟ್ಟಣದವರಾ, ಬೆಟ್ಟದವರಾ?"

ಕೆನಡಾದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೂಟದವರಂತೂ ಕೇಳುವ ಸಂಭವವೇ ಇರಲಿಲ್ಲ.

"ಬೆಟ್ಟ," ಎಂದಳು ಚಿತ್ರಾ.

ಮುದುಕಿ ಮರುಮಾತಿಲ್ಲದೆ ಕೌಂಟರಿಗೆ ಹೋಗಿ ಅಂಗೈಯಿಂದ ಒಂದು ಬಡಿದರು. "ಈ ಮಗುವಿಗೆ ಈಗಲೇ ನೋವಿನ ಔಷಧಿ. ಆಮೇಲೆ ರಕ್ತಪರೀಕ್ಷೆ. ಅದೂ ಆದಮೇಲೆ ಬೇಕಿದ್ದರೆ ನನ್ನ ಮೇಲೆ ದೂರು ಕೊಡಿ. ಆ ಫೈಲು ಈಗಾಗಲೇ ದಪ್ಪಗಿದೆ, ಇನ್ನೊಂದು ಹಾಳೆ ಹಿಡಿಯುತ್ತೆ."

ಅವರೇ ಡಾ. ವಿನ್ಸಮ್ ಆರ್ಚಿಬಾಲ್ಡ್.

ಅವರ ಕತೆಯನ್ನು ಚಿತ್ರಾ ಆಮೇಲೆ ಬಿಡಿಬಿಡಿಯಾಗಿ ಅದೇ ಬೆಂಚಿನ ಮೇಲೆ ಕೂತು ಕೇಳಿದಳು. ಜಮೈಕಾದಲ್ಲಿ ಡಾಕ್ಟರಾಗಿ ಟೊರಾಂಟೊಕ್ಕೆ ಬಂದ ಹುಡುಗಿಗೆ ಒಂದು ದೊಡ್ಡ ಆಸ್ಪತ್ರೆ ಸಂದರ್ಶನಕ್ಕೆ ಕರೆ ಕಳಿಸಿತ್ತಂತೆ. ಯಾವ ಕಾಲದಲ್ಲೋ ಅವರ ಮುತ್ತಜ್ಜನ ಅಜ್ಜನನ್ನು ಕಬ್ಬಿನ ಗದ್ದೆಗೆ ಗುಲಾಮನಾಗಿ ಕೊಂಡುಕೊಂಡ ಸ್ಕಾಟಿಷ್ ದಣಿಯ ಹೆಸರು ಆರ್ಚಿಬಾಲ್ಡ್, ಅದೇ ಮನೆತನದ ಹೆಸರಾಗಿ ಅಂಟಿಕೊಂಡಿತ್ತು. ಅದನ್ನು ನೋಡಿ, ಬಿಳಿಯಳು ಅಂದುಕೊಂಡು ಕರೆದಿದ್ದರು. ಹೊಸ ಕೋಟು ತೊಟ್ಟು ಹೋದರೆ ಬಾಗಿಲಲ್ಲಿದ್ದ ಹೆಂಗಸು, "ಕ್ಲೀನಿಂಗಿನವರು ಹಿಂದಿನ ಬಾಗಿಲಿಂದ," ಅಂದಳು. ಒಳಗೆ ಹೋಗುವಷ್ಟರಲ್ಲಿ ಕೆಲಸ ಭರ್ತಿಯಾಗಿತ್ತು.

ಅಳುತ್ತಾ ಮನೆಗೆ ಹೋದಿರಾ ಅಂತ ಚಿತ್ರಾ ಕೇಳಿದ್ದಕ್ಕೆ ವಿನ್ಸಮ್ ಆಶ್ಚರ್ಯಪಟ್ಟಿದ್ದರು. "ಅಳೋದಾ? ಹೊಸ ಕೋಟು ಕಣೇ! ಅದನ್ನೇ ಹಾಕಿಕೊಂಡು ಮುಂದಿನ ಆಸ್ಪತ್ರೆಗೆ ಹೋದೆ."

ರಕ್ತ ತೆಗೆಯುವ ಲ್ಯಾಬಿನಲ್ಲಿ ದುಡಿದರು, ಒಮ್ಮೆ ಪಾಸಾದ ಪರೀಕ್ಷೆಗಳನ್ನು ಮತ್ತೆ ಪಾಸು ಮಾಡಿದರು, ಕೊನೆಗೂ ಆಸ್ಪತ್ರೆಯೊಳಗೆ ಕಾಲಿಟ್ಟರು. ಸಿಕಲ್ ಸೆಲ್ ರೋಗಿಗಳಿಗೆ ಒಂದು ಕೋಣೆ ಕೊಡಿ ಅಂದರೆ, ಆ ಜನ ಮತ್ತಿನ ಔಷಧಿಯ ಚಟಕ್ಕೆ ಬರುವವರು, ಕೋಣೆ ಯಾಕೆ ಅಂದರು. ಸರಿ ಅಂತ ವಿನ್ಸಮ್ ಎಮರ್ಜೆನ್ಸಿಯ ಓಣಿಯ ಬೆಂಚಿನ ಮೇಲೆ ಕೂತರು. ಪ್ರತಿ ಬುಧವಾರ. ಬೆಂಚೇ ಕ್ಲಿನಿಕ್ಕು. ನೋವೆಂದು ಬಂದವರಿಗೆ ಅರ್ಧ ಗಂಟೆಯೊಳಗೆ ಔಷಧಿ ಬೀಳಬೇಕು, ನಂಬಿಕೆ ಆಮೇಲೆ ಹುಟ್ಟಲಿ ಅನ್ನುವುದು ಅವರ ನಿಯಮ. ರೋಗಿಯನ್ನು ಒಬ್ಬಂಟಿಯಾಗಿ ಕೂರಿಸಬಾರದು ಅನ್ನುವುದು ಇನ್ನೊಂದು. ಅದಕ್ಕೇ ರೋಗಿಗಳ ಮನೆಯವರೇ ಸರದಿಯ ಮೇಲೆ ಬಂದು ಕೂರುತ್ತಿದ್ದರು. ನೋಡುವ ಕಣ್ಣು ನಾಲ್ಕಿದ್ದರೆ ಯಾರನ್ನೂ ಕಾಯಿಸಿ ಸಾಯಿಸಲಾಗದು. ಸಾವುಗಳು ಕಡಿಮೆಯಾದ ಮೇಲೆ ಆಸ್ಪತ್ರೆ ಆ ನಿಯಮಗಳನ್ನು ತನ್ನದಾಗಿಸಿಕೊಂಡು ಕಮಿಟಿಯೊಂದರ ಹೆಸರಿಟ್ಟಿತು. ಗಾಜಿನ ಗೋಡೆಯ ಕ್ಲಿನಿಕ್ಕು ತೆರೆಯಿತು. ಓಣಿಯಲ್ಲಿ ಹಳೆಯ ಮುಖ್ಯಸ್ಥರ ಫೋಟೋಗಳ ಸಾಲಿದೆ. ವಿನ್ಸಮ್ ಅವರದಿಲ್ಲ. ನಿವೃತ್ತಿಯಾದ ಮೇಲೂ ಬುಧವಾರ ಬೆಂಚಿಗೆ ಬರುವುದನ್ನು ಅವರು ಬಿಟ್ಟಿಲ್ಲ.

ಸನ್ಮಾನಕ್ಕೆ ಕರೆಯಲು ಹೋದಾಗ ವಿನ್ಸಮ್ ಕೇಳಿದ್ದರು, "ನಿಮ್ಮ ಜನಕ್ಕೆ ನಾನು ಯಾರು ಅಂತ ಗೊತ್ತಾ?"

"ಗೊತ್ತಾಗುತ್ತೆ."

"ಯಾರಾದರೂ ಹೇಳಿದರೆ," ಎಂದು ಮುದುಕಿ ಹುಣಸೆ ಉಂಡೆಯ ಡಬ್ಬಿ ಮುಂದೆ ಹಿಡಿದರು.

ರಾಜ್ಯೋತ್ಸವದ ದಿನ ಮಾಲ್ಟನ್ನಿನ ಹಾಲು ತುಂಬಿತ್ತು. ತಲೆಯ ಮೇಲೆ ವಿಮಾನ ಇಳಿದಾಗಲೆಲ್ಲ ತೋರಣ ನಡುಗುತ್ತಿತ್ತು. ಮಧುಸೂದನ ಒಶಾವಾದ ಕಾರ್ ಫ್ಯಾಕ್ಟರಿಯಿಂದ ಶಿಫ್ಟು ಮುಗಿಸಿ ನೇರ ಬಂದು, ಪ್ರತಿ ವರ್ಷದಂತೆ ಸೌಂಡ್ ಬೋರ್ಡಿನ ಮುಂದೆ ಕೂತಿದ್ದ.

"ಇವತ್ತು ಹೇಳೀಯಾ?" ಅಂತ ಮೈಕು ಕೈಗಿಡುವಾಗ ಪಿಸುಗುಟ್ಟಿದ.

"ನೋಡುವ."

"ನಿನ್ನಿಷ್ಟ. ನಂಗೆ ಹೆದ್ರಿಕೆ ಆಯ್ತದೆ. ಆದ್ರೆ ಮಗಳ ಕಾಲ್ ನೋಡ್ದೆ, ಈಗ್ಲೇ ತಣ್ಣಗದೆ."

ಸಂಜನಾ ಪಕ್ಕದ ಕೋಣೆಯ ಬಾಗಿಲಲ್ಲಿ ಗೆಜ್ಜೆ ಕಟ್ಟಿಕೊಂಡು ಬರಿಗಾಲಲ್ಲಿ ನಿಂತಿದ್ದಳು, ಒಂದು ಪಾದವನ್ನು ಇನ್ನೊಂದರ ಮೇಲಿಟ್ಟುಕೊಂಡು.

ಅಷ್ಟರಲ್ಲಿ ಬಾಗಿಲಲ್ಲಿ ಗಡಿಬಿಡಿ. ಅತಿಥಿ ಬಂದರು. ವಿನ್ಸಮ್ ಅವರಿಗೆ ಮಂಡಿನೋವು, ಕಾರು ಓಡಿಸಿಕೊಂಡು ಬಂದವನು ಕ್ಲಿನಿಕ್ಕಿನ ಶಿಷ್ಯ ಕಾನರ್. ಜೋಳದ ರೇಷ್ಮೆಯಂಥ ಕೂದಲಿನ, ಆರಡಿಯ ಬಿಳಿ ಹುಡುಗ. ಅವನು ಬಾಗಿಲು ಹಿಡಿದು ನಿಂತ, ವಿನ್ಸಮ್ ಒಳಗೆ ಬಂದರು. ಹಳದಿ ಕೋಟು, ಕೆಂಪು ಟೊಪ್ಪಿಗೆ. ಕನ್ನಡ ಬಾವುಟದ ಬಣ್ಣ ಯಾವುದು ಅಂತ ಕೇಳಿ ತಿಳಿದು ಹಾಕಿಕೊಂಡು ಬಂದಿದ್ದರು.

ಪೂರ್ಣಕುಂಭ ಅವರನ್ನು ದಾಟಿ ಹೋಯಿತು. ಪನ್ನೀರು ಅವರನ್ನು ದಾಟಿ ಹೋಯಿತು. ರಘುನಾಥರು ಎರಡೂ ಕೈಯಲ್ಲಿ ಹಾರ ಎತ್ತಿ, ತುದಿಗಾಲಲ್ಲಿ ನಿಂತು, ಕಾನರನ ಕೊರಳಿಗೆ ಹಾಕಿ "ವೆಲ್ಕಮ್, ಡಾಕ್ಟರ್ ಆರ್ಚಿಬಾಲ್ಡ್!" ಅಂದರು. ಚಪ್ಪಾಳೆ ಬಿತ್ತು. ಕಾನರ್ ಕೆಂಪಾಗಿ, "ನೋ, ನೋ, ಐ ಡ್ರೋವ್" ಅನ್ನುತ್ತಿದ್ದುದು ನಾಗಸ್ವರದ ರೆಕಾರ್ಡಿನಲ್ಲಿ ಮುಳುಗಿಹೋಯಿತು. ನಾಲ್ಕು ಜನ ಅವನನ್ನು ವೇದಿಕೆಗೆ ಸಾಗಿಸಿದರು. ಸ್ವಯಂಸೇವಕಿಯೊಬ್ಬಳು ವಿನ್ಸಮ್ ಅವರ ಮೊಣಕೈ ಮುಟ್ಟಿ ನಗುನಗುತ್ತಾ ಹೇಳಿದಳು, "ಮೇಡಂ, ಕೇಟರಿಂಗ್ ಈಸ್ ಬ್ಯಾಕ್ ಡೋರ್."

ವಿನ್ಸಮ್ ಸುತ್ತ ನೋಡಿದರು. ಬಾಗಿಲ ಬಳಿ ಚಪ್ಪಲಿ ಕಳಚಲು ಹಾಕಿದ್ದ ಬೆಂಚಿತ್ತು. ಹೋಗಿ ಅದರ ಮೇಲೆ ಕೂತರು, ರಾಣಿ ಕೂತ ಹಾಗೆ.

ಚಿತ್ರಾ ವೇದಿಕೆಯ ಮೇಲಿಂದ ಇಷ್ಟನ್ನೂ ಕಂಡಳು. ಹಿಂದಿನ ಬಾಗಿಲು! ಅದೇ ಮಾತು, ಅದೇ ಹೆಸರಿನ ಮೋಸ, ಅದೇ ಹೆಂಗಸಿಗೆ. ಐವತ್ತು ವರ್ಷದ ಹಿಂದೆ ಬಿಳಿಯರು ಮಾಡಿದ್ದನ್ನು ನಮ್ಮ ಜನ ರೇಷ್ಮೆ ಉಟ್ಟು, ಪನ್ನೀರು ಚಿಮುಕಿಸಿ ಮಾಡಿ ಮುಗಿಸಿದ್ದರು. ಈ ಮೋಸಕ್ಕೆ ಬಾಗಿಲು ತೆರೆದಿಟ್ಟದ್ದು ತನ್ನ ಶುದ್ಧ ಮೌನ.

ಅವಳು ನೋಡುತ್ತಿದ್ದ ಹಾಗೆಯೇ ಸಂಜನಾ ನೃತ್ಯದ ಸಾಲು ಬಿಟ್ಟು, ಝಲ್ ಝಲ್ ಅಂತ ಹಾಲನ್ನು ಸೀಳಿಕೊಂಡು ಹೋಗಿ ಆ ಬೆಂಚಿನ ಮೇಲೆ ವಿನ್ಸಮ್ ಪಕ್ಕ ಕೂತಳು. ಕೂತು ತಾಯಿಯನ್ನು ನೋಡಿದಳು.

ಚಿತ್ರಾ ಮೈಕು ಎತ್ತಿದಳು.

"ಸಹೃದಯ ಕನ್ನಡ ಬಂಧುಗಳೇ," ಎಂದು ಶುರುಮಾಡಿ, ನಿಲ್ಲಿಸಿದಳು. "ಒಂದ್ ನಿಮ್ಸ ನಾಗಸ್ವರ ನಿಲ್ಸು ಮಧು. ಡಾಕ್ಟ್ರೇ, ನೀವು ಹಾರ ಹಾಕಿರದು ಡ್ರೈವರ್‌ಗೆ. ಹುಡ್ಗ ಒಳ್ಳೆಯವ್ನೇ. ಆದ್ರೆ ಅವನ ಗುರುಗಳು ಅಗೋ, ಚಪ್ಲಿ ತಾವ ಕೂತವ್ರೆ."

ಹಾಲಿನ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. ಮುಂದಿನ ಸಾಲಿನಲ್ಲಿ ಶಾರದಮ್ಮ, "ಇದೇನು, ಈ ಹುಡುಗಿ ಮಾತು ಹೀಗಾಯ್ತು?" ಅಂದದ್ದು ಎಲ್ಲರಿಗೂ ಕೇಳಿಸಿತು.

"ಇದೇ ನನ್ ಮಾತು ಶಾರದಮ್ಮನೋರೆ. ನೀವು ಇಷ್ಟು ದಿನ ಕೇಳಿದ್ದು ವಾರ್ಡನ್ ಮಾತು. ಸರಸ್ವತಿಪುರಂ ನಮ್ಮೂರಲ್ಲ, ನಮ್ ಹಾಸ್ಟೆಲ್ಲು. ನಾವು ಸೋಲಿಗ್ರು. ಬಿಳಿಗಿರಿರಂಗನ ಬೆಟ್ಟದೋರು. ನನ್ ಮಗಳಿಗೆ ಸಿಕಲ್ ಸೆಲ್ ಅದೆ. ನನ್ ತಮ್ಮ ಅದ್ರಲ್ಲೇ ಹೋದ."

ರಘುನಾಥರು ಎದ್ದು ಬಂದರು. ನಗುಮುಖ, ಹಲ್ಲಿನ ನಡುವೆ ಮಾತು. "ಚಿತ್ರಾ ಅವರೇ, ಇದು ಅದಕ್ಕೆಲ್ಲ ವೇದಿಕೆ ಅಲ್ಲ. ಪ್ರೋಗ್ರಾಮ್ ಲೇಟಾಗ್ತಿದೆ." ಸೌಂಡ್ ಬೋರ್ಡಿನ ಕಡೆ ತಿರುಗಿ, ಮೈಕು ಕತ್ತರಿಸು ಅಂತ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದರು.

ಮಧುಸೂದನ ಅಧ್ಯಕ್ಷರನ್ನು ನೋಡಿದ. ಹೆಂಡತಿಯನ್ನು ನೋಡಿದ. ಗುಂಡಿಯನ್ನು ತಿರುಗಿಸಿದ, ಮೇಲಕ್ಕೆ.

"ಲೇಟಾಯ್ತು ಡಾಕ್ಟ್ರೇ, ಮೂರು ವರ್ಷ ಲೇಟಾಯ್ತು!" ಚಿತ್ರಾಳ ದನಿ ಗೋಡೆಗೆ ಬಡಿದು ಬಂತು. "ಇದು ಕರಿಯರ ಕಾಯಿಲೆ, ನಮ್ಮವರಿಗೆ ಬರಲ್ಲ ಅಂದ್ರಿ. ನಿಮ್ಮವ್ರಿಗೆ ಬರ್ದೆ ಇರ್ಬೋದು. ನಮ್ಮೋರಿಗೆ ಬತ್ತದೆ. ನನ್ ಮಗಳ ಜೀವ ಉಳ್ಸಿದ್ದು ಆ ಬೆಂಚು, ಆ ಯಮ್ಮ. ಜಗತ್ತಿನ ಕಾಯಿಲೆ, ಅದನ್ನ ಚರ್ಮ ನೋಡಿ ಹಂಚದ ಡಾಕ್ಟ್ರು ಅವ್ರು ಒಬ್ರೇ ನಂಗೆ ಸಿಕ್ಕಿದ್ದು. ಈಗ ಹೇಳಿ, ನಮ್ಮೋರು ಅಂದ್ರೆ ಯಾರು? ಪೇಟ ಕಟ್ಟಕ್ ಮುಂಚೆ ಅದು ಇತ್ಯರ್ಥ ಆಗ್ಲಿ."

ಹಿಂದಿನ ಬೆಂಚಿನಲ್ಲಿ ಸಂಜನಾ ವಿನ್ಸಮ್ ಕಿವಿಗೆ ಇಂಗ್ಲಿಷಿನಲ್ಲಿ ಸುರಿಯುತ್ತಲೇ ಇದ್ದಳು, ಕೈಸನ್ನೆ ಸಮೇತ. ಹಾಲಿನಲ್ಲಿ ಯಾರೋ ಕುರ್ಚಿ ಸರಿಸಿಕೊಂಡು ಎದ್ದುಹೋದರು. ಇನ್ನು ಕೆಲವರು ಹೋಗಲೋ ಬೇಡವೋ ಅಂತ ಊಟದ ವಾಸನೆ ನೋಡುತ್ತಾ ಉಳಿದರು. ಈರೇಶ ಶಾಲಿನ ತಟ್ಟೆ ಎತ್ತಿಕೊಂಡು, "ಅಕ್ಕಾರ, ನಾವೇ ಅಲ್ಲಿಗೆ ಹೋಗೋಣು, ಬೆಂಚಿನ್ಯಾಗ ಹಾಕೋಣು ಅವರಿಗೆ," ಅಂದ.

"ಬೇಡ!" ಅಂದರು ವಿನ್ಸಮ್, ಸಂಜನಾ ಅದನ್ನು ಹೇಳಿ ಮುಗಿಸುವ ಮೊದಲೇ. ಕೋಲೂರಿ ಎದ್ದರು. "ಬೆಂಚಿನ ಮೇಲೆ ಕೂತದ್ದು ಸಾಕಷ್ಟಾಗಿದೆ. ನಾನು ವೇದಿಕೆಗೇ ಬರುತ್ತೇನೆ. ಮೆಟ್ಟಿಲು ಎಲ್ಲಿ?"

ಜನ ದಾರಿ ಬಿಟ್ಟರು. ಅವರು ಆತುರಪಡಲಿಲ್ಲ. ಒಂದು ವಿಮಾನ ಪೂರ್ತಿ ಇಳಿಯುವಷ್ಟು ಹೊತ್ತು ತೆಗೆದುಕೊಂಡು ಮೆಟ್ಟಿಲು ಹತ್ತಿದರು. ಕಾನರ್ ಆಗಲೇ ಹಾರ ತೆಗೆದು ರಘುನಾಥರ ಕೈಗೆ ಕೊಟ್ಟಿದ್ದ, ಬಿಸಿ ಪಾತ್ರೆ ದಾಟಿಸಿದ ಹಾಗೆ. ವಿನ್ಸಮ್ ರಘುನಾಥರ ಎದುರು ಬಂದು ನಿಂತು ತಲೆಯನ್ನು ಒಂದಿಷ್ಟೇ ಬಾಗಿಸಿದರು.

"ನನ್ನ ಕತ್ತು ಬಗ್ಗುವುದು ಇಷ್ಟೇ, ಡಾಕ್ಟರ್. ಉಳಿದದ್ದಕ್ಕೆ ನೀವು ಕೈ ಎತ್ತಬೇಕು."

ರಘುನಾಥರ ಮುಖದಲ್ಲಿ ಏನೇನೋ ಬಂದು ಹೋಯಿತು. ಕೊನೆಗೆ ಕೈ ಎತ್ತಿದರು. ಹಾರ ಬಿತ್ತು. ಈರೇಶ ಶಾಲು ಹೊದಿಸಿ, ಹೋಳಿಗೆ ನೋಡಲು ಅಡುಗೆಮನೆಗೆ ಓಡಿದ. ವಿನ್ಸಮ್ ಕೆಂಪು ಟೊಪ್ಪಿಗೆಯನ್ನು ಕಾನರನಿಗೆ ಹಿಡಿಯಲು ಕೊಟ್ಟರು, ಚಿತ್ರಾ ಪೇಟ ಇಟ್ಟಳು. ವಿನ್ಸಮ್ ಫೋನಿನ ಕ್ಯಾಮೆರಾದಲ್ಲಿ ನೋಡಿಕೊಂಡು ಪೇಟವನ್ನು ಒಂಚೂರು ವಾರೆ ಮಾಡಿಕೊಂಡರು.

"ಕ್ಷಮೆ ಕೇಳಬೇಡಿ," ಅಂದರು ಮೈಕಿನಲ್ಲಿ. ಸಂಜನಾ ಪಕ್ಕದಲ್ಲಿ ನಿಂತು ಅವರ ಮಾತನ್ನು ತನ್ನ ಕುಂಟು ಕನ್ನಡಕ್ಕೆ ಎಳೆದು ತರುತ್ತಿದ್ದಳು. "ಕ್ಷಮೆ ನನ್ನ ಮನೆಯಲ್ಲಿ ಬೇಕಾದಷ್ಟಿದೆ, ಇಡಲು ಜಾಗವಿಲ್ಲ. ನನಗೆ ಬುಧವಾರಕ್ಕೆ ಜನ ಬೇಕು. ಬೆಂಚಿನ ಮೇಲೆ ನೋವಿನಲ್ಲಿರುವ ಮಕ್ಕಳ ಪಕ್ಕ ಕೂರಬೇಕು. ಯಾರು ಬರುತ್ತೀರಿ?"

ಮುಂದಿನ ಸಾಲಿನವರು ಹಿಂದಿನ ಸಾಲನ್ನು ತಿರುಗಿ ನೋಡಿದರು. ಆಮೇಲೆ ಅಡುಗೆಮನೆಯ ಬಾಗಿಲಿನ ಕಡೆಯಿಂದ ಒಂದು ಕೈ, ಹೋಳಿಗೆಯ ತುಪ್ಪ ಮೆತ್ತಿದ್ದು.

"ನನ್ನ ಹೆಸರು ಹಿಡೀರಿ. ಬುಧವಾರ ಟ್ರಕ್ಕು ಅದೇ ಹಾದಿಯಾಗ ಬರ್ತೈತಿ," ಅಂದ ಈರೇಶ. "ಅಕ್ಕಾರ, ನೀವು ಸೋಲಿಗರಂತ ಮೊದಲ ಹೇಳಿದ್ರ ನನಗ ಬೆಟ್ಟದ ಜೇನಾದ್ರೂ ಸಿಗ್ತಿತ್ತಲ್ರೀ, ಎಷ್ಟು ವರ್ಷ ಲುಕ್ಸಾನ ಮಾಡಿದ್ರಿ!"

ನಗು ಎಲ್ಲಿಂದಲೋ ಒಡೆಯಿತು. ಇನ್ನೆರಡು ಕೈ ಎದ್ದವು. ರಘುನಾಥರ ಕೈ ಏಳಲಿಲ್ಲ. ಅವರು ತಮ್ಮ ಕುರ್ಚಿಗೆ ಮರಳಿ, ಸಂಜನಾಳ ಬರಿಯ ಪಾದಗಳನ್ನೇ ನೋಡುತ್ತಾ ಕೂತರು. ನೋಡಲಿ ಅಂತ ಚಿತ್ರಾ ಬಿಟ್ಟಳು.

ಮೀರಾ ಮೇಡಂ ವೇದಿಕೆಯ ಬದಿಗೆ ಬಂದು ಚಿತ್ರಾಳ ತೋಳು ಚಿವುಟಿದರು. "ಅಲ್ಲ ಚಿತ್ರಾ, ಚಳಿ ಆಗಬಾರದು ಅಂತ ನನಗೆ ಒಂದು ಮಾತು ಹೇಳೋದಕ್ಕೆ ನಿನಗೇನಾಗಿತ್ತು? ರಾಕ್ಷಸಿ ಅಂದ್ಕೊಂಡಿದ್ಯಾ ನನ್ನ?"

"ಸ್ವಲ್ಪ," ಎಂದಳು ಚಿತ್ರಾ.

ಸಂಜನಾ ಬ್ಯಾಗಿನಿಂದ ಉಣ್ಣೆಯ ಕಾಲುಚೀಲ ತೆಗೆದಳು. ಮಂಡಿಯ ತನಕ ಬರುವ, ದಪ್ಪನೆಯ, ಎಂಥ ಸೀರೆಗೂ ಹೊಂದದ ನೇರಳೆ ಬಣ್ಣದ್ದು. ಎಳೆದು ಹಾಕಿಕೊಂಡು, ಅದರ ಮೇಲೆ ಗೆಜ್ಜೆ ಬಿಗಿದಳು.

ಚಿತ್ರಾ ಕೈಯಲ್ಲಿದ್ದ ಶುದ್ಧ ಕನ್ನಡದ ನಿರೂಪಣೆಯ ಹಾಳೆಯನ್ನು ಮಡಿಸಿ ಬ್ಲೌಸಿಗೆ ಸಿಕ್ಕಿಸಿಕೊಂಡಳು.

"ಈಗ ಮಕ್ಳು ಕುಣಿತವೆ," ಅಂದಳು ಮೈಕಿನಲ್ಲಿ. "ಮುಂದ್ಗಡೆ ಇರೋಳು ನನ್ ಮಗಳು. ಕಣ್ ತುಂಬ ನೋಡಿ."